ಮಡಿಲು ತುಂಬುವ ಮುನ್ನ ಮನಸ್ಸು ತಿಳಿಯಾಗಲಿ

ಮದುವೆಯಾಗಿ ವರ್ಷ ತುಂಬುತ್ತಿದ್ದಂತೆಯೇ “ಏನರ ವಿಶೇಷ ಐತೇನವ್ವಾ?” ಎಂದು ಹೊಸ ಸೊಸೆಯನ್ನು ಕೇಳುವುದು ನಮ್ಮ ಹಳ್ಳಿಗಳಲ್ಲಿ ಕ್ಷೇಮಸಮಾಚಾರ ವಿಚಾರಿಸಿದಷ್ಟೇ ಸಹಜವಾದ ಮಾತು. ಎರಡನೆಯ ವರ್ಷ ಅದೇ ಪ್ರಶ್ನೆ ಸ್ವಲ್ಪ ಮೊನಚಾಗುತ್ತದೆ. ಐದನೆಯ ವರ್ಷದ ಹೊತ್ತಿಗೆ ಯಾರೂ ಕೇಳುವುದಿಲ್ಲ. ಆದರೆ ಕುಬಸದ ಕಾರ್ಯದಲ್ಲಿ ಆರತಿಯ ತಟ್ಟೆ ಆಕೆಯ ಕೈ ತಪ್ಪಿಸಿಕೊಂಡು ಪಕ್ಕದವಳ ಕೈಗೆ ಹೋಗುತ್ತದೆ. ತೊಟ್ಟಿಲು ಕಾರ್ಯಕ್ಕೆ ಕರೆ ಬರುತ್ತದೆ, ಕೂಸನ್ನು ಮಾತ್ರ ಆಕೆಯ ತೊಡೆಯ ಮೇಲೆ ಹಾಕುವುದಿಲ್ಲ. ‘ಬಂಜೆ’ ಎಂಬ ಶಬ್ದವನ್ನು ನಾಲಿಗೆಯ ಮೇಲಿಟ್ಟುಕೊಂಡ ನಮ್ಮ ಸಮಾಜ ಅದಕ್ಕೆ ಸಮನಾಗಿ ಗಂಡಸಿಗೆ ಹೇಳುವ ಒಂದು ಶಬ್ದವನ್ನು ಆಡುಮಾತಿನಲ್ಲಿ ಇಟ್ಟುಕೊಂಡಿಲ್ಲ. ಇದೇ ಸಾಕು, ದೋಷವನ್ನು ಯಾರ ತಲೆಗೆ ಕಟ್ಟುತ್ತ ಬಂದಿದ್ದೇವೆ ಎಂಬುದನ್ನು ತಿಳಿಯಲು.

ವೈದ್ಯವಿಜ್ಞಾನ ಹೇಳುವುದೇ ಬೇರೆ. ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಜೀವನದ ಒಂದಲ್ಲ ಒಂದು ಹಂತದಲ್ಲಿ ಸಂತಾನಹೀನತೆಯ ತೊಂದರೆಗೆ ಒಳಗಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿ ತಿಳಿಸುತ್ತದೆ. ಕಾರಣ ಹೆಣ್ಣಿನಲ್ಲಿ ಇರುವಂತೆಯೇ ಗಂಡಿನಲ್ಲಿಯೂ ಇರಬಹುದು, ಇಬ್ಬರಲ್ಲಿಯೂ ಇರಬಹುದು. ಎಷ್ಟೋ ಸಲ ಎಲ್ಲ ಪರೀಕ್ಷೆಗಳಾದ ಮೇಲೂ ಕಾರಣ ಸಿಗದಿರಬಹುದು. ಇದು ಪೂರ್ವಜನ್ಮದ ಪಾಪವೂ ಅಲ್ಲ, ಮನೆದೇವರ ಮುನಿಸೂ ಅಲ್ಲ. ಕಣ್ಣಿಗೆ ಪೊರೆ ಬಂದಂತೆ, ಮೊಣಕಾಲು ಸವೆದಂತೆ ಇದೂ ಶರೀರಕ್ಕೆ ಬರುವ ಒಂದು ತೊಂದರೆ.

ಈ ತೊಂದರೆಗೆ ಇಂದು ಚಿಕಿತ್ಸೆಗಳು ಹಲವು ಇವೆ. ಆದರೆ ಚಿಕಿತ್ಸೆ ಹೆಚ್ಚಾದಂತೆಲ್ಲ ಭಕ್ತರ ಮನಸ್ಸಿನಲ್ಲಿ ಗೊಂದಲವೂ ಹೆಚ್ಚಾಗಿದೆ. “ಅಪ್ಪಾರ, ಇದನ್ನ ಮಾಡಿಸಿಕೊಂಡ್ರ ಧರ್ಮಕ್ಕ ದೋಷ ಆಗತೈತೇನ್ರಿ?” ಎಂದು ಕೇಳುವ ದಂಪತಿಗಳು ಮಠಕ್ಕೆ ಬರುತ್ತಲೇ ಇರುತ್ತಾರೆ. ಅವರು ಹಣ ಕೇಳಲು ಬಂದವರಲ್ಲ, ತಾಯತ ಕಟ್ಟಿಸಿಕೊಳ್ಳಲು ಬಂದವರೂ ಅಲ್ಲ. ತಮ್ಮ ಶ್ರದ್ಧೆಗೂ ತಮ್ಮ ಆಸೆಗೂ ನಡುವೆ ಸಿಕ್ಕಿಕೊಂಡವರು. ಅಂಥವರಿಗಾಗಿ ಈ ನಾಲ್ಕು ಮಾತು.

ಮೊದಲು ಈ ವಿದ್ಯೆ ನಡೆದುಬಂದ ದಾರಿಯನ್ನು ನೋಡೋಣ. ದೇಹದ ಹೊರಗೆ ಅಂಡಾಣು, ವೀರ್ಯಾಣುಗಳನ್ನು ಕೂಡಿಸಿ ಪಡೆದ ಜಗತ್ತಿನ ಮೊದಲ ಪ್ರನಾಳ ಶಿಶು ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಹುಟ್ಟಿತು. ಅದಾದ ಕೆಲವೇ ವಾರಗಳಲ್ಲಿ, ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖ್ಯೋಪಾಧ್ಯಾಯರ ಪ್ರಯತ್ನದಿಂದ ಒಂದು ಹೆಣ್ಣು ಮಗು ಹುಟ್ಟಿತು. ಅವರ ಮಾತನ್ನು ಅಂದಿನವರು ನಂಬಲಿಲ್ಲ. ಸರ್ಕಾರ ನೇಮಿಸಿದ ಸಮಿತಿ ಅದನ್ನು ತಳ್ಳಿಹಾಕಿತು. ಅವಮಾನ ತಾಳಲಾರದೆ ಆ ವೈದ್ಯರು 1981ರಲ್ಲಿ ಪ್ರಾಣ ಕಳೆದುಕೊಂಡರು. 1986ರ ಆಗಸ್ಟ್ 6ರಂದು ಮುಂಬಯಿಯಲ್ಲಿ ಡಾ. ಇಂದಿರಾ ಹಿಂದೂಜಾ ಮತ್ತು ಡಾ. ಟಿ.ಸಿ. ಆನಂದಕುಮಾರ್ ಅವರ ಶ್ರಮದಿಂದ ಹುಟ್ಟಿದ ಮಗುವೇ ದೇಶದ ಮೊದಲನೆಯದೆಂದು ಎಲ್ಲರೂ ತಿಳಿದಿದ್ದರು. ಆದರೆ ಅದೇ ಆನಂದಕುಮಾರ್ ಅವರು ಕೋಲ್ಕತ್ತದ ವೈದ್ಯರ ಕೈಬರಹದ ಟಿಪ್ಪಣಿಗಳನ್ನು ಓದಿ ನೋಡಿ, ಮೊದಲಿಗರು ತಾವಲ್ಲ, ಅವರೇ ಎಂದು 1997ರಲ್ಲಿ ಬಹಿರಂಗವಾಗಿ ಸಾರಿದರು. ತಮಗೆ ಬಂದ ಕೀರ್ತಿಯನ್ನು ಅದು ಸಲ್ಲಬೇಕಾದವರಿಗೆ ಒಪ್ಪಿಸಿದ ಈ ನಡೆ ಯಾವ ಜಂಗಮನ ನಡೆಗೂ ಕಡಿಮೆಯದಲ್ಲ. ವಿಜ್ಞಾನವೆಂದರೆ ದೇವರ ವಿರುದ್ಧ ಹೂಡಿದ ಯುದ್ಧವೆಂದು ಭಾವಿಸುವವರು ಇದನ್ನು ನೆನೆಯಬೇಕು.

ಚಿಕಿತ್ಸೆಯಲ್ಲಿ ಮೆಟ್ಟಿಲುಗಳಿವೆ. ಮಾತ್ರೆ, ಚುಚ್ಚುಮದ್ದುಗಳಿಂದ ಅಂಡಾಣು ಬಲಿಯುವಂತೆ ಮಾಡುವುದು ಮೊದಲನೆಯದು. ಪತಿಯ ವೀರ್ಯಾಣುವನ್ನು ಶುದ್ಧಗೊಳಿಸಿ ಸರಿಯಾದ ದಿನ ಗರ್ಭಾಶಯಕ್ಕೆ ಸೇರಿಸುವ ಐಯುಐ ಎರಡನೆಯದು. ಹೊರಗೆ ಭ್ರೂಣ ಬೆಳೆಸಿ ಒಳಗಿರಿಸುವ ಐವಿಎಫ್ ಮೂರನೆಯದು. ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ‘ಇಕ್ಸಿ’ ಎಂಬ ವಿಧಾನ 1992ರಿಂದ ಬಳಕೆಗೆ ಬಂದಿದೆ. ಇಲ್ಲಿಯವರೆಗೆ ಎಲ್ಲವೂ ಗಂಡ ಹೆಂಡಿರ ನಡುವಿನದು. ಮುಂದಿನ ಮೆಟ್ಟಿಲುಗಳಲ್ಲಿ ಮೂರನೆಯವರು ಬರುತ್ತಾರೆ: ಅಂಡಾಣು ದಾನಿ, ವೀರ್ಯಾಣು ದಾನಿ, ಗರ್ಭ ಹೊರುವ ತಾಯಿ.

ಧರ್ಮಗಳು ಗೆರೆ ಎಳೆಯುವುದು ಈ ಮೆಟ್ಟಿಲುಗಳ ಮೇಲೆಯೇ. ರೋಮನ್ ಕೆಥೊಲಿಕ್ ಚರ್ಚು 1987ರಲ್ಲಿ ಹೊರಡಿಸಿದ ಬೋಧನೆಯಲ್ಲಿ ದಂಪತಿಗಳ ಸಮಾಗಮದ ಸ್ಥಾನವನ್ನು ಪ್ರಯೋಗಾಲಯ ಆಕ್ರಮಿಸಬಾರದೆಂದು ಹೇಳಿ, ಐವಿಎಫ್‌ಅನ್ನೇ ಒಪ್ಪಲಿಲ್ಲ. ಈಜಿಪ್ಟಿನ ಅಲ್-ಅಝರ್ ಸಂಸ್ಥೆಯ ವಿದ್ವಾಂಸರು 1980ರಲ್ಲಿಯೇ ಗಂಡ ಹೆಂಡಿರ ನಡುವೆ ಐವಿಎಫ್ ಆಗಬಹುದು, ಮೂರನೆಯವರು ಕೂಡದು ಎಂದರು. ಇರಾನಿನ ಶಿಯಾ ಧರ್ಮಗುರುಗಳು 1999ರಲ್ಲಿ ನಿಬಂಧನೆಗಳೊಡನೆ ದಾನಿಗೂ ಒಪ್ಪಿಗೆ ಕೊಟ್ಟರು. ಇಸ್ರೇಲಿನ ಆಸ್ಪತ್ರೆಗಳಲ್ಲಿ ಒಬ್ಬರ ಬೀಜ ಇನ್ನೊಬ್ಬರದರೊಡನೆ ಬೆರೆಯದಂತೆ ನೋಡಿಕೊಳ್ಳಲು ಯೆಹೂದಿ ಧರ್ಮದ ಕಡೆಯಿಂದ ಮೇಲ್ವಿಚಾರಕರು ಪ್ರಯೋಗಾಲಯದಲ್ಲಿ ಕುಳಿತಿರುತ್ತಾರೆ. ಒಂದೇ ವಿದ್ಯೆ, ಗೆರೆಗಳು ಮಾತ್ರ ಬೇರೆ ಬೇರೆ. ಪಂಚಪೀಠಗಳು, ವಿರಕ್ತಮಠಗಳು ಎರಡೂ ಇರುವ ನಮ್ಮ ಪರಂಪರೆಯಲ್ಲಿ ಒಂದು ಕಡೆಯಿಂದ ಹೊರಟ ಅಪ್ಪಣೆ ಎಲ್ಲರನ್ನೂ ಕಟ್ಟಿಹಾಕುವ ಪದ್ಧತಿ ಇಲ್ಲ. ಆಗಮಗಳು ರಚನೆಯಾದಾಗ ಈ ಪ್ರಶ್ನೆಗಳೇ ಹುಟ್ಟಿರಲಿಲ್ಲ. ಆದ್ದರಿಂದ ನಮ್ಮ ಗೆರೆಯನ್ನು ನಮ್ಮ ಆಚರಣೆಯ ತಿರುಳಿನಿಂದ ನಾವೇ ಕಂಡುಕೊಳ್ಳಬೇಕು.

ಆ ತಿರುಳಿನಲ್ಲಿ ಮೊದಲನೆಯದು, ಸದ್ಗತಿಗೆ ಮಗನೇ ಬೇಕೆಂಬ ನಂಬಿಕೆ ನಮ್ಮದಲ್ಲ ಎಂಬುದು. ವೀರಶೈವನು ಲಿಂಗೈಕ್ಯನಾದಾಗ ಅವನ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಸಮಾಧಿ ಮಾಡುತ್ತೇವೆ. ಪಿಂಡ ಇಡುವ ಮಗನಿಲ್ಲವೆಂದು ಆತನ ಐಕ್ಯಕ್ಕೆ ಅಡ್ಡಿಯಾಗುವುದಿಲ್ಲ. ಹೀಗಿರುವಾಗ “ಗತಿಗೆ ಒಬ್ಬ ಮಗ ಬೇಕ್ರಿ” ಎಂದು ಸೊಸೆಯನ್ನು ಹಿಂಡುವುದು ಯಾವ ಧರ್ಮ? ಅದೇ ಕಾರಣಕ್ಕೆ ಎರಡನೆಯ ಮದುವೆಯ ಮಾತೆತ್ತುವುದು ಯಾವ ನ್ಯಾಯ? ಮಗು ಬೇಕೆನ್ನಿಸುವುದು ಸಹಜ, ಅದರಲ್ಲಿ ತಪ್ಪಿಲ್ಲ. ಮಗು ಇಲ್ಲದಿದ್ದರೆ ಪರಲೋಕ ಕೆಡುತ್ತದೆಂಬ ಭಯ ಮಾತ್ರ ನಮಗೆ ಬೇಕಾಗಿಲ್ಲ. ಭಯದಿಂದ ಮಾಡಿಸಿಕೊಂಡ ಚಿಕಿತ್ಸೆಗೂ ಪ್ರೀತಿಯಿಂದ ಮಾಡಿಸಿಕೊಂಡ ಚಿಕಿತ್ಸೆಗೂ ಬಹಳ ಅಂತರವಿದೆ.

ಎರಡನೆಯದು ಪಂಚಸೂತಕಗಳ ನಿರಾಕರಣೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದರ ಮೈಲಿಗೆಯನ್ನು ಲಿಂಗಧಾರಿಗಳಿಗೆ ನಮ್ಮವರು ಒಪ್ಪಲಿಲ್ಲ. ಚಿಕಿತ್ಸೆಯಲ್ಲಿರುವ ತಾಯಿ ಮುಟ್ಟಿನ ಲೆಕ್ಕ ಹಿಡಿದೇ ಆಸ್ಪತ್ರೆಗೆ ಓಡಾಡಬೇಕು, ಎರಡನೆಯ ದಿನವೋ ಮೂರನೆಯ ದಿನವೋ ಸ್ಕ್ಯಾನಿಂಗ್ ಮಾಡಿಸಬೇಕು. ಆ ದಿನಗಳಲ್ಲಿ ಪೂಜೆ ಬಿಡಬೇಕೆಂಬ ಅಳುಕು ಆಕೆಗೆ ಬೇಡ. ಹಾಗೆಯೇ ಮುಹೂರ್ತದ ಮಾತು. ಅಂಡಾಣು ಬಿಡುಗಡೆಗೆ ಸಿದ್ಧವಾಗುವ ಚುಚ್ಚುಮದ್ದು ಕೊಟ್ಟ ಸುಮಾರು 36 ಗಂಟೆಗಳಲ್ಲಿ ಅದನ್ನು ಹೊರತೆಗೆಯಬೇಕು. ಅಮಾವಾಸ್ಯೆ ಕಳೆಯಲಿ, ರಾಹುಕಾಲ ಮುಗಿಯಲಿ ಎಂದು ಕಾದರೆ ಕಾದವರಿಗೇ ನಷ್ಟ. ಶಿವನ ದಿನಗಳಲ್ಲಿ ಕೆಟ್ಟ ದಿನವೆಂಬುದಿಲ್ಲ.

ಇಷ್ಟಲಿಂಗದ ಬಗ್ಗೆ ಬಹಳ ಜನ ಕೇಳುತ್ತಾರೆ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಮೈಮೇಲಿನ ಲೋಹವನ್ನೆಲ್ಲ ತೆಗೆಸುತ್ತಾರೆ. ಬೆಳ್ಳಿಯ ಕರಡಿಗೆ, ಸರಪಣಿ ಅಲ್ಲಿ ನಡೆಯುವುದಿಲ್ಲ, ಅದು ರೋಗಿಯ ಸುರಕ್ಷತೆಗಾಗಿಯೇ ಇರುವ ನಿಯಮ. ಆದರೆ ಲಿಂಗವನ್ನು ಕೊರಳಲ್ಲಿಯೇ ಧರಿಸಬೇಕೆಂದಿಲ್ಲ, ತೋಳಿನಲ್ಲಿಯೂ ಧರಿಸಬಹುದು. ಒಗೆದ ಬಿಳಿಯ ಬಟ್ಟೆಯಲ್ಲಿ ಕಟ್ಟಿ, ಸೂಜಿ ಹಾಕದ ತೋಳಿಗೆ ಕಟ್ಟಿಕೊಳ್ಳಲು ಅವಕಾಶವಿದೆಯೇ ಎಂದು ಒಂದು ದಿನ ಮುಂಚೆಯೇ ಅರಿವಳಿಕೆಯ ವೈದ್ಯರನ್ನು ಕೇಳಿ. ಅವರು ಒಪ್ಪದಿದ್ದರೆ ಪತಿಯ ಅಂಗೈಯಲ್ಲಿ ಇಟ್ಟು ಒಳಗೆ ಹೋಗಿ. ಅಂಡಾಣು ತೆಗೆಯುವ ಕ್ರಿಯೆ ದೀರ್ಘವಾದುದಲ್ಲ. ಅಷ್ಟು ಹೊತ್ತು ಆತ ಹೊರಗೆ ಕುಳಿತು ಲಿಂಗಧ್ಯಾನ ಮಾಡಿದರೆ ಇಬ್ಬರ ಪೂಜೆಯೂ ನಡೆದಂತೆಯೇ.

ಶುದ್ಧ ಸಸ್ಯಾಹಾರದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಅಂಡಾಣು ಬೆಳೆಸಲು ಕೊಡುವ ಹಾರ್ಮೋನುಗಳಲ್ಲಿ ಕೆಲವನ್ನು ಮುಟ್ಟು ನಿಂತ ಹೆಂಗಸರ ಮೂತ್ರದಿಂದ ಬೇರ್ಪಡಿಸುತ್ತಾರೆ, ಕೆಲವನ್ನು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯಿಂದ ದಶಕಗಳ ಹಿಂದೆ ಪಡೆದು ಪ್ರಯೋಗಾಲಯದಲ್ಲಿ ಬೆಳೆಸುತ್ತ ಬಂದ ಜೀವಕೋಶಗಳಲ್ಲಿ ತಯಾರಿಸುತ್ತಾರೆ. ಗರ್ಭ ನಿಲ್ಲಲು ಕೊಡುವ ಪ್ರೊಜೆಸ್ಟರಾನ್ ಮೆತ್ತನೆಯ ಗುಳಿಗೆಗಳ ಹೊರಕವಚ ಸಾಮಾನ್ಯವಾಗಿ ಜೆಲಟಿನ್, ಅದು ಪ್ರಾಣಿಮೂಲದ್ದು. ರಕ್ತ ಹೆಪ್ಪುಗಟ್ಟದಂತೆ ಕೆಲವರಿಗೆ ಕೊಡುವ ಹೆಪಾರಿನ್ ಹಂದಿಯ ಕರುಳಿನಿಂದ ಬರುತ್ತದೆ. ಇದನ್ನು ಹೇಳುತ್ತಿರುವುದು ಹೆದರಿಸಲೆಂದಲ್ಲ, ಕೇಳಿ ತಿಳಿದು ಆರಿಸಿಕೊಳ್ಳಲೆಂದು. ಪ್ರೊಜೆಸ್ಟರಾನ್ ಗುಳಿಗೆಯ ಬದಲು ಎಣ್ಣೆಯಲ್ಲಿ ಕರಗಿಸಿದ ಚುಚ್ಚುಮದ್ದು, ಜೆಲ್ ಇವೆ. ಅವು ಹೊಂದುತ್ತವೆಯೇ ಎಂದು ವೈದ್ಯರನ್ನು ಕೇಳಬಹುದು. ಬದಲಿ ಇಲ್ಲದ ಕಡೆ, ಜೀವ ಉಳಿಸುವ ಅಥವಾ ಗರ್ಭ ಉಳಿಸುವ ಔಷಧವನ್ನು ನಿಸ್ಸಂಕೋಚವಾಗಿ ತೆಗೆದುಕೊಳ್ಳಿ. ನಾಲಿಗೆಯ ರುಚಿಗಾಗಿ ಪ್ರಾಣಿಯನ್ನು ಕೊಲ್ಲಬಾರದೆಂಬುದು ನಮ್ಮ ವ್ರತ, ರೋಗಿಯನ್ನು ನರಳಿಸುವುದು ವ್ರತವಲ್ಲ. ಸ್ವಂತ ಬುದ್ಧಿಯಿಂದ ಔಷಧ ನಿಲ್ಲಿಸುವುದಂತೂ ಖಂಡಿತ ಬೇಡ. “ಮೊಟ್ಟೆಯ ಬಿಳಿ ತಿನ್ನಿರಿ” ಎಂದು ಆಸ್ಪತ್ರೆಯಲ್ಲಿ ಹೇಳಿದರೆ ಗಾಬರಿಯಾಗದೆ, ನಾವು ತಿನ್ನುವುದಿಲ್ಲ, ಬದಲಿಗೆ ಏನು ಎಂದು ಕೇಳಿ. ಬೇಳೆ, ಹೆಸರುಕಾಳು, ಮಡಿಕೆಕಾಳು, ಶೇಂಗಾ, ಹಾಲು, ಮೊಸರು, ಪನೀರುಗಳಲ್ಲಿ ಪುಷ್ಟಿ ಬೇಕಾದಷ್ಟಿದೆ. ಸಸ್ಯಾಹಾರಿಗಳಲ್ಲಿ ಬಿ12 ಜೀವಸತ್ವ ಕಡಿಮೆಯಿರುವುದು ಸಾಮಾನ್ಯವಾದ್ದರಿಂದ ಅದನ್ನೊಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಇನ್ನು ಕಷ್ಟದ ಮಾತಿಗೆ ಬರೋಣ. ಕೆಲವು ವರ್ಷಗಳ ಹಿಂದೆ ಒಂದು ಅಮಾವಾಸ್ಯೆಯ ದಿನ, ಪ್ರಸಾದ ಮುಗಿದು ಜನ ಚದುರಿದ ಮೇಲೆ, ಒಬ್ಬ ತರುಣ ರೈತ ಹೆಂಡತಿಯೊಡನೆ ಬಂದು ಕುಳಿತ. ಜೊತೆಗೆ ತಾಯಿಯೂ ಇದ್ದಳು. ಏಳು ವರ್ಷಗಳಲ್ಲಿ ಆ ಹೆಣ್ಣುಮಗಳು ನಾಲ್ಕು ದವಾಖಾನೆ ಸುತ್ತಿದ್ದಳು, ಎರಡು ಸಲ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿತ್ತು. “ನಿನ್ನ ಪರೀಕ್ಷಾ ಆಗೇತೇನೋ ತಮ್ಮಾ?” ಎಂದು ನಾವು ಕೇಳಿದೆವು. ಅವನು ತಲೆ ತಗ್ಗಿಸಿದ. ತಾಯಿ ಸಿಟ್ಟಿನಿಂದ, “ಗಂಡಸರಿಗೆ ಎಂಥಾ ಪರೀಕ್ಷಾರೀ ಅಪ್ಪಾರ?” ಎಂದಳು. ಮುಂದಿನ ತಿಂಗಳು ಪರೀಕ್ಷೆಯಾಯಿತು. ಅವನಲ್ಲಿ ವೀರ್ಯಾಣುಗಳೇ ಇರಲಿಲ್ಲ. ಅದಕ್ಕಿಂತ ನೋವಿನ ಸಂಗತಿ ಎಂದರೆ, ಆ ಪಟ್ಟಣದ ಒಂದು ಆಸ್ಪತ್ರೆಯಲ್ಲಿ “ಮಗನಿಗೆ ತಿಳಿಸೋದು ಬ್ಯಾಡ, ದಾನಿಯದನ್ನು ಬಳಸಿ ಮುಗಿಸೋಣ” ಎಂಬ ಮಾತು ಅತ್ತೆಗೂ ಅಲ್ಲಿಯವರಿಗೂ ನಡುವೆ ನಡೆದುಹೋಗಿತ್ತು. ಸೊಸೆ ಒಪ್ಪಲಿಲ್ಲ. “ನನ್ನ ಗಂಡಗ ಗೊತ್ತಿಲ್ದ ಕೂಸು ನನಗ ಬ್ಯಾಡ” ಎಂದಳು. ಅಷ್ಟು ಓದಿದವಳಲ್ಲ ಆಕೆ. ಆದರೆ ಈ ಇಡೀ ವಿಷಯದಲ್ಲಿ ಧರ್ಮ ಎಲ್ಲಿದೆ ಎಂಬುದನ್ನು ಆಕೆ ನಮಗಿಂತ ಮೊದಲೇ ತಿಳಿದಿದ್ದಳು.

ದಾನಿಯ ನೆರವು ಪಡೆಯುವುದು ಧರ್ಮಬಾಹಿರವೇ? ನಮ್ಮ ವಿಚಾರ ಹೀಗಿದೆ. ಲಿಂಗದೀಕ್ಷೆ ಪಡೆದವನನ್ನು ‘ಗುರುಕರಕಮಲಸಂಜಾತ’ ಎಂದು ಕರೆಯುವ ಪರಂಪರೆ ನಮ್ಮದು. ಗುರುವಿನ ಅಂಗೈಯಿಂದ ಪಡೆದ ಜನ್ಮವೇ ನಿಜವಾದ ಜನ್ಮವೆಂದು ನಂಬಿದವರಿಗೆ ರಕ್ತವೇ ಸರ್ವಸ್ವವಾಗಲಾರದು. ಗರ್ಭಿಣಿಗೆ ಎಂಟನೆಯ ತಿಂಗಳಲ್ಲಿ ಗರ್ಭಲಿಂಗಧಾರಣೆ ಮಾಡುವಾಗ, ಹುಟ್ಟಿದ ಕೂಸಿಗೆ ಲಿಂಗ ಕಟ್ಟುವಾಗ ಬೀಜ ಯಾರದೆಂದು ಗುರು ಕೇಳುವುದಿಲ್ಲ. ಆದ್ದರಿಂದ ಇಬ್ಬರೂ ತಿಳಿದು, ಇಬ್ಬರೂ ಮನಃಪೂರ್ವಕ ಒಪ್ಪಿದರೆ ಅದರಲ್ಲಿ ನಾವು ದೋಷ ಕಾಣುವುದಿಲ್ಲ. ಒಬ್ಬರ ಮನಸ್ಸು ಒಪ್ಪದಿದ್ದರೆ ಅದನ್ನು ಅಲ್ಲಿಗೇ ಬಿಡಬೇಕು. ಮೋಸದಿಂದ, ಒತ್ತಾಯದಿಂದ ಮಾಡಿದ್ದು ಮಾತ್ರ ದೋಷ. “ದಾನಿ ನಮ್ಮ ಪೈಕಿಯವರೇ ಇರಲಿ” ಎಂದು ಜಾತಿ, ಒಳಪಂಗಡ ಕೇಳುವವರಿದ್ದಾರೆ. ಅಪಘಾತವಾದಾಗ ರಕ್ತದ ಚೀಲದ ಜಾತಿ ಕೇಳದವರು ಇಲ್ಲಿ ಏಕೆ ಕೇಳಬೇಕು? ಜಾತಿಸೂತಕ ತೊರೆದವರೆಂದು ಹೇಳಿಕೊಂಡು ಪ್ರಯೋಗಾಲಯದ ಬಾಗಿಲಲ್ಲಿ ಅದನ್ನು ಮತ್ತೆ ಹೊದೆದುಕೊಳ್ಳುವುದು ಸಲ್ಲದು.

ದೇಶದ ಕಾನೂನು ಈ ವಿಷಯದಲ್ಲಿ ಈಗ ಸ್ಪಷ್ಟವಾಗಿದೆ. 2021ರಲ್ಲಿ ಅಂಗೀಕಾರವಾದ ನೆರವಿನ ಸಂತಾನೋತ್ಪತ್ತಿ ಕಾಯಿದೆ ಮತ್ತು ಬಾಡಿಗೆ ತಾಯ್ತನ ನಿಯಂತ್ರಣ ಕಾಯಿದೆಗಳು 2022ರ ಜನವರಿಯಿಂದ ಜಾರಿಯಲ್ಲಿವೆ. ಆಸ್ಪತ್ರೆ ನೋಂದಣಿಯಾಗಿರಬೇಕು. ಚಿಕಿತ್ಸೆಗೆ ಸಂಬಂಧಪಟ್ಟವರೆಲ್ಲರ ಲಿಖಿತ ಒಪ್ಪಿಗೆ ಬೇಕು. ಹೆಣ್ಣಿಗೆ 50, ಗಂಡಿಗೆ 55 ವರ್ಷ ವಯಸ್ಸಿನ ಮಿತಿ ಇದೆ. ಒಬ್ಬ ಮಹಿಳೆ ಜೀವಮಾನದಲ್ಲಿ ಒಮ್ಮೆ ಮಾತ್ರ ಅಂಡಾಣು ದಾನ ಮಾಡಬಹುದು. ಹುಟ್ಟಿದ ಮಗುವಿಗೆ ಆ ದಂಪತಿಗಳ ಸ್ವಂತ ಮಗುವಿನ ಎಲ್ಲ ಹಕ್ಕುಗಳೂ ಇವೆ. ಹಣ ಕೊಟ್ಟು ಬಡ ಹೆಣ್ಣಿನ ಗರ್ಭವನ್ನು ಬಾಡಿಗೆಗೆ ಪಡೆಯುವುದನ್ನು ಕಾನೂನು ನಿಷೇಧಿಸಿದೆ, ವೈದ್ಯಕೀಯ ವೆಚ್ಚ, ವಿಮೆಯಂಥವು ಬಿಟ್ಟರೆ ಬೇರೇನೂ ಕೊಡುವಂತಿಲ್ಲ. ಗಂಡೋ ಹೆಣ್ಣೋ ಎಂದು ಆರಿಸುವುದು 1994ರ ಕಾಯಿದೆಯಂತೆಯೂ ಅಪರಾಧ, ಈ ಕಾಯಿದೆಯಂತೆಯೂ ಅಪರಾಧ. “ಇಷ್ಟೆಲ್ಲ ಖರ್ಚು ಮಾಡ್ತೀವಿ, ಗಂಡಾ ಆಗಲಿ” ಎಂದು ಕೇಳುವವರಿಗೆ ನಮ್ಮ ಉತ್ತರ ಒಂದೇ: ಹೆಣ್ಣಿಗೂ ಗಂಡಿಗೂ ಒಂದೇ ಲಿಂಗ ಕೊಟ್ಟ ಧರ್ಮದಲ್ಲಿ ಹುಟ್ಟಿ ಆ ಮಾತು ಆಡಬೇಡಿ.

ಬಹಳ ಜನ ಮರೆಯುವ ಪ್ರಶ್ನೆ ಇನ್ನೊಂದಿದೆ. ಐವಿಎಫ್‌ನಲ್ಲಿ ಒಂದೇ ಸಲಕ್ಕೆ ಹಲವು ಅಂಡಾಣುಗಳನ್ನು ತೆಗೆದು ಹಲವು ಭ್ರೂಣಗಳನ್ನು ಬೆಳೆಸುತ್ತಾರೆ. ಒಂದೋ ಎರಡೋ ಒಳಗೆ ಇರಿಸಿ ಉಳಿದವನ್ನು ಶೈತ್ಯದಲ್ಲಿ ಕಾಪಾಡುತ್ತಾರೆ. ಕಾನೂನಿನ ಪ್ರಕಾರ ಹತ್ತು ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ. ಆ ಮೇಲೆ ಅವು ನಶಿಸಬೇಕು, ಇಲ್ಲವೇ ದಂಪತಿಗಳ ಒಪ್ಪಿಗೆಯಿದ್ದರೆ ಸಂಶೋಧನೆಗೆ ಹೋಗಬೇಕು. ಮಗುವಾದ ಸಂಭ್ರಮದಲ್ಲಿ ಅವನ್ನು ಮರೆತು, ಆಸ್ಪತ್ರೆಯಿಂದ ಪತ್ರ ಬಂದಾಗ ರಾತ್ರಿಯೆಲ್ಲ ನಿದ್ದೆಗೆಡುವ ತಾಯಂದಿರಿದ್ದಾರೆ. ಜೀವದ ಬಗ್ಗೆ ಅಷ್ಟು ಕಳಕಳಿ ಇರುವವರು ಮೊದಲೇ ವೈದ್ಯರಿಗೆ ಹೇಳಬೇಕು: “ನಮಗೆ ಬೇಕಾದಷ್ಟೇ ಅಂಡಾಣುಗಳನ್ನು ಫಲಿತಗೊಳಿಸಿ, ಉಳಿದರೆ ಅಂಡಾಣುಗಳನ್ನೇ ಕಾಪಾಡಿ” ಎಂದು. ಇದರಿಂದ ಯಶಸ್ಸಿನ ಅವಕಾಶ ಸ್ವಲ್ಪ ಕಡಿಮೆಯಾದೀತು. ಅದನ್ನು ತಿಳಿದೇ ಒಪ್ಪಬೇಕು. ಶ್ರದ್ಧೆಗೆ ಬೆಲೆ ಕೊಡಬೇಕಾಗುತ್ತದೆ, ಬೆಲೆ ಎಷ್ಟೆಂದು ಮೊದಲೇ ಗೊತ್ತಿದ್ದರೆ ಪಶ್ಚಾತ್ತಾಪವಿರುವುದಿಲ್ಲ.

ಹಣದ ಮಾತೂ ಧರ್ಮದ ಮಾತೇ. ಐವಿಎಫ್ ಒಂದು ಸುತ್ತಿಗೆ ಲಕ್ಷದ ಮೇಲೆ ಖರ್ಚು ಬರುತ್ತದೆ, ಮೊದಲ ಸುತ್ತಿನಲ್ಲಿಯೇ ಫಲ ಪಡೆಯುವವರಿಗಿಂತ ಪಡೆಯದವರೇ ಹೆಚ್ಚು. ಹೆಣ್ಣಿನ ವಯಸ್ಸು ಏರಿದಂತೆ ಫಲದ ಸಾಧ್ಯತೆ ಇಳಿಯುತ್ತದೆ. ಹೊಲ ಮಾರಿ, ಬಡ್ಡಿಗೆ ಸಾಲ ತಂದು ಐದಾರು ಸುತ್ತು ಮಾಡಿಸಿಕೊಂಡು ಕೊನೆಗೆ ಬರಿಗೈಯಲ್ಲಿ ಕುಳಿತವರನ್ನು ನಾವು ಕಂಡಿದ್ದೇವೆ. ಎಷ್ಟು ಸುತ್ತು, ಎಷ್ಟು ಹಣ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಆರಂಭದಲ್ಲಿಯೇ ಗಂಡ ಹೆಂಡಿರಿಬ್ಬರೂ ಕುಳಿತು ಬರೆದಿಡಬೇಕು. ಆಸೆ ಏರಿದಾಗ ಮನಸ್ಸು ಲೆಕ್ಕ ಮರೆಯುತ್ತದೆ, ಬರೆದಿಟ್ಟ ಕಾಗದ ಮರೆಯುವುದಿಲ್ಲ.

ಮತ್ತೊಂದು ದಾರಿ ಯಾವಾಗಲೂ ತೆರೆದೇ ಇದೆ. ದತ್ತು ಎಂದರೆ ಚಿಕಿತ್ಸೆ ಸೋತ ಮೇಲಿನ ಸಮಾಧಾನವೆಂದು ತಿಳಿಯಬಾರದು. ಕಿತ್ತೂರಿನ ದತ್ತುಪುತ್ರ ಶಿವಲಿಂಗಪ್ಪನನ್ನು ಕಂಪನಿ ಸರ್ಕಾರ ಒಪ್ಪದಿದ್ದಾಗ 1824ರಲ್ಲಿ ರಾಣಿ ಚೆನ್ನಮ್ಮ ಕತ್ತಿ ಹಿರಿದಳು. ಹೊಟ್ಟೆಯಲ್ಲಿ ಹುಟ್ಟದ ಮಗನ ಹಕ್ಕಿಗಾಗಿ ನಡೆದ ಆ ಯುದ್ಧವನ್ನು ನಾಡು ಇಂದಿಗೂ ನೆನೆಯುತ್ತದೆ. ದತ್ತುಮಗನಾಗಿಯೇ ಸಿರಸಂಗಿಗೆ ಬಂದ ಲಿಂಗರಾಜ ದೇಸಾಯಿಯವರು ತಮ್ಮ ಇಡೀ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟು ಹೋದರು. ಅವರ ಹೆಸರು ಹೇಳಿಕೊಂಡು ಓದಿದ ಮಕ್ಕಳ ಲೆಕ್ಕ ಇಟ್ಟವರಾರು? 1956ರ ದತ್ತಕ ಕಾಯಿದೆಯಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಸೇರಿವೆ. ಅದರಂತೆ ಹೆಣ್ಣು ಮಗುವನ್ನೂ ದತ್ತು ಪಡೆಯಬಹುದು, ಹೆಂಡತಿಯ ಒಪ್ಪಿಗೆಯಿಲ್ಲದೆ ಗಂಡ ದತ್ತು ಪಡೆಯುವಂತಿಲ್ಲ. ಅನಾಥ ಮಕ್ಕಳಿಗಾಗಿ ಕೇಂದ್ರ ದತ್ತು ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಅಲ್ಲಿ ವರ್ಷಗಟ್ಟಲೆ ಕಾಯಬೇಕಾಗುವುದರಿಂದ ಆ ಮನಸ್ಸಿದ್ದವರು ತಡಮಾಡದೆ ವಿಚಾರಿಸಬೇಕು. ಯಾರೋ ಆಸ್ಪತ್ರೆಯಿಂದ ಹಣಕ್ಕೆ ಕೂಸು ಕೊಡಿಸುತ್ತೇವೆಂದರೆ ಅತ್ತ ಸುಳಿಯಬಾರದು.

ಮಕ್ಕಳಿಲ್ಲದೆ ಇರುವುದನ್ನೇ ಒಪ್ಪಿ ಬಾಳುವ ದಂಪತಿಗಳೂ ಇದ್ದಾರೆ. ಅವರದು ಅರ್ಧ ಬಾಳಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ 2019ರ ಜನವರಿ 21ರಂದು ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳಿಗೆ ಮಕ್ಕಳೆಷ್ಟು ಎಂದು ಆ ಮಠದಲ್ಲಿ ಉಂಡು ಓದಿದವರನ್ನು ಕೇಳಿ ನೋಡಿ.

ಚಿಕಿತ್ಸೆಗೆ ಹೊರಡುವ ದಂಪತಿಗಳಿಗೆ ನಾವು ಹೇಳುವುದಿಷ್ಟು. ಮೊದಲು ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ. ಒಂದು ಸಂಜೆ ಲಿಂಗಪೂಜೆಯಾದ ಮೇಲೆ ಎದುರುಬದುರು ಕುಳಿತು, ಯಾವ ಮೆಟ್ಟಿಲವರೆಗೆ ನಮ್ಮ ಮನಸ್ಸು ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಮಾತಾಡಿಕೊಳ್ಳಿ. ಅತ್ತೆಯೂ ಬೇಡ, ನೆರೆಯವರೂ ಬೇಡ, ಆ ಹೊತ್ತಿಗೆ ನಾವೂ ಬೇಡ. ಆ ನಿರ್ಧಾರವನ್ನು ವೈದ್ಯರ ಮುಂದೆ ಸಂಕೋಚವಿಲ್ಲದೆ ಹೇಳಿ, ಓದಿ ತಿಳಿದುಕೊಂಡೇ ಸಹಿ ಮಾಡಿ. ನಿಮ್ಮ ನಂಬಿಕೆಯನ್ನು ಕೇಳಿಸಿಕೊಳ್ಳುವ ತಾಳ್ಮೆಯಿಲ್ಲದ ಕಡೆ ನಿಮ್ಮ ಶರೀರವನ್ನು ಒಪ್ಪಿಸಬೇಕಾಗಿಲ್ಲ. ಇನ್ನುಳಿದ ಹಿರಿಯರಿಗೆ ಒಂದು ಮಾತು: ಮುಂದಿನ ಕುಬಸದ ಕಾರ್ಯದಲ್ಲಿ ಆರತಿಯ ತಟ್ಟೆಯನ್ನು ಆ ಹೆಣ್ಣುಮಗಳ ಕೈಗೇ ಮೊದಲು ಕೊಡಿ. ಅದಕ್ಕೆ ಯಾವ ಶಾಸ್ತ್ರದ ಅಪ್ಪಣೆಯೂ ಬೇಕಾಗಿಲ್ಲ.

ಮಡಿಲು ತುಂಬಲಿ, ತುಂಬದಿದ್ದರೂ ಮನೆ ತುಂಬಿರಲಿ. ಎಲ್ಲರಿಗೂ ಶುಭವಾಗಲಿ.